ಬೇಸ್‌ಬಾಲ್ ಆಟಕ್ಕೆ ಜವಾಬ್ದಾರಿ ಯಾರದು?



ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಈ ಲೇಖನ ಬರೆಯಲು ಕಾರಣ ಒಂದು ಅರ್ಜಿ ಫಾರಂ. ಜೂನ್ ತಿಂಗಳಲ್ಲಿ ನಮ್ಮ ದೈಹಿಕ ಶಿಕ್ಷಣದ ಸರ್ ನಾನು ಚೆಂಡು ಎಸೆಯುವುದನ್ನು ನೋಡಿ, ಬೇಸ್‌ಬಾಲ್ ಆಯ್ಕೆಗೆ ಹೋಗು ಎಂದು ಫಾರಂ ಕೊಟ್ಟರು. ಪೋಷಕರ ಸಹಿ ಬೇಕಿತ್ತು. ರಾತ್ರಿ ಊಟ ಆದ ಮೇಲೆ ಅಬ್ಬಾನ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಸಹಿ ಹಾಕದೆ ಕೇಳಿದರು: "ಇಸ್ಕಾ ಜಿಮ್ಮೇದಾರ್ ಕೌನ್ ಹೈ?"

ಈ ಪ್ರಶ್ನೆಗೆ ನಮ್ಮ ಮನೆಯಲ್ಲಿ ಒಂದು ಹಿನ್ನೆಲೆ ಇದೆ. ಎರಡು ವರ್ಷದ ಹಿಂದೆ ನನ್ನ ಅಣ್ಣ ಒಂದು ಕಬಡ್ಡಿ ಪಂದ್ಯಾವಳಿಗೆ ಹೋಗಿ ಮೊಣಕಾಲು ಪೆಟ್ಟು ಮಾಡಿಕೊಂಡ. ಸಂಘಟಕರು ಬಹುಮಾನ ಹಂಚಿ ಹೊರಟುಹೋಗಿದ್ದರು. ಕರೆದುಕೊಂಡು ಹೋದವರು, ಅದು ಸಂಘಟಕರ ಜವಾಬ್ದಾರಿ ಅಂದರು. ಸಂಘಟಕರು, ಅದು ತಂಡದವರ ಜವಾಬ್ದಾರಿ ಅಂದರು. ಆಪರೇಷನ್ನಿನ ಖರ್ಚು ಅಬ್ಬಾನ ಗ್ಯಾರೇಜಿನಿಂದ ಹೋಯಿತು. ಅಣ್ಣ ಈಗಲೂ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾನೆ.

ಹಾಗಾಗಿ ಅಬ್ಬಾ ಕೇಳಿದ್ದು ಸುಮ್ಮನೆ ಅಲ್ಲ. ಈ ಆಟವನ್ನು ಯಾರು ನಡೆಸುತ್ತಾರೆ, ದುಡ್ಡು ಯಾರಿಗೆ ಹೋಗುತ್ತದೆ, ಪೆಟ್ಟಾದರೆ ಯಾರು ಕೊಡುತ್ತಾರೆ? ನನಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ನಮ್ಮ ವ್ಯವಹಾರ ಅಧ್ಯಯನದ ಮೇಡಂ ಹತ್ತಿರ ಹೇಳಿದಾಗ ಅವರು, "ಇದೇ ನಿನ್ನ ಪ್ರಾಜೆಕ್ಟ್, ಮೇಲಿನಿಂದ ಶುರು ಮಾಡು, ವಿಶ್ವ ಮಟ್ಟದಲ್ಲಿ ಯಾರು ನಡೆಸುತ್ತಾರೆ ನೋಡು" ಅಂದರು. ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ವಿಶ್ವ ಸಂಸ್ಥೆ ಯಾವುದು?

ಕ್ರಿಕೆಟಿಗೆ ಐಸಿಸಿ, ಫುಟ್‌ಬಾಲಿಗೆ ಫಿಫಾ ಇರುವ ಹಾಗೆ ಬೇಸ್‌ಬಾಲಿಗೆ ಇರುವುದು ವಿಶ್ವ ಬೇಸ್‌ಬಾಲ್ ಸಾಫ್ಟ್‌ಬಾಲ್ ಒಕ್ಕೂಟ. ಇದನ್ನು ಚಿಕ್ಕದಾಗಿ ಡಬ್ಲ್ಯುಬಿಎಸ್‌ಸಿ ಎನ್ನುತ್ತಾರೆ. ಇದರ ಮುಖ್ಯ ಕಚೇರಿ ಸ್ವಿಟ್ಜರ್ಲೆಂಡಿನ ಪುಲಿ ಎಂಬ ಊರಿನಲ್ಲಿದೆ. ಅದರ ಪಕ್ಕದಲ್ಲೇ ಇರುವ ಲೊಸಾನ್ ನಗರದಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಕಚೇರಿ ಇದೆ.

ಈ ಒಕ್ಕೂಟ ಹಳೆಯದಲ್ಲ, 2013ರಲ್ಲಿ ಹುಟ್ಟಿದ್ದು. ಅದಕ್ಕೂ ಮೊದಲು ಬೇಸ್‌ಬಾಲಿಗೆ ಒಂದು, ಸಾಫ್ಟ್‌ಬಾಲಿಗೆ ಒಂದು ಬೇರೆ ಬೇರೆ ಸಂಸ್ಥೆಗಳಿದ್ದವು. ಎರಡೂ ವಿಲೀನವಾದವು. ನಮ್ಮ ಪಾಠದಲ್ಲಿ ಎರಡು ಕಂಪನಿಗಳು ವಿಲೀನವಾಗುವುದು ಸಾಮಾನ್ಯವಾಗಿ ಬಲ ಹೆಚ್ಚಿಸಿಕೊಳ್ಳಲು ಎಂದು ಓದಿದ್ದೇವೆ. ಇಲ್ಲೂ ಅದೇ. ಒಲಿಂಪಿಕ್ಸಿನಿಂದ ಎರಡೂ ಆಟಗಳನ್ನು ಕೈಬಿಟ್ಟಿದ್ದರು, ಒಟ್ಟಿಗೆ ಬಾಗಿಲು ತಟ್ಟಿದರೆ ತೆರೆಯಬಹುದು ಎಂಬುದು ಲೆಕ್ಕಾಚಾರ.

ಸಾಫ್ಟ್‌ಬಾಲ್ ಬೇಸ್‌ಬಾಲಿನ ತಂಗಿ ಇದ್ದ ಹಾಗೆ. ಚೆಂಡು ದೊಡ್ಡದು, ಮೈದಾನ ಚಿಕ್ಕದು, ಚೆಂಡನ್ನು ಕೈ ಕೆಳಗಿನಿಂದ ಎಸೆಯಬೇಕು, ಒಂಬತ್ತರ ಬದಲು ಏಳು ಇನ್ನಿಂಗ್ಸ್.

ಒಕ್ಕೂಟದ ಕೆಳಗೆ ಏಷ್ಯಾ, ಯುರೋಪ್, ಆಫ್ರಿಕಾ, ಅಮೆರಿಕ, ಓಷಿಯಾನಿಯಾ ಎಂಬ ಐದು ಖಂಡ ಮಟ್ಟದ ಸಂಸ್ಥೆಗಳಿವೆ. ಅವುಗಳ ಕೆಳಗೆ ಆಯಾ ದೇಶದ ರಾಷ್ಟ್ರೀಯ ಸಂಸ್ಥೆಗಳು. ಒಟ್ಟು 130ಕ್ಕೂ ಹೆಚ್ಚು ದೇಶ ಮತ್ತು ಪ್ರದೇಶಗಳು ಸದಸ್ಯರು. ಭಾರತದಲ್ಲಿ ಬೇಸ್‌ಬಾಲಿಗೆ ಅಮೆಚೂರ್ ಬೇಸ್‌ಬಾಲ್ ಫೆಡರೇಷನ್ ಆಫ್ ಇಂಡಿಯಾ, ಸಾಫ್ಟ್‌ಬಾಲಿಗೆ ಸಾಫ್ಟ್‌ಬಾಲ್ ಅಸೋಸಿಯೇಷನ್ ಆಫ್ ಇಂಡಿಯಾ ಇವೆ. ಮೇಲೆ ವಿಲೀನವಾದರೂ ಇಲ್ಲಿ ಇನ್ನೂ ಎರಡು ಮನೆ.

ಇಷ್ಟು ಬರೆದು ಅಬ್ಬಾಗೆ ತೋರಿಸಿದೆ. "ಹಾಗಾದರೆ ಎಲ್ಲಾ ಆಟಗಾರರು ಈ ಪುಲಿ ಊರಿನವರ ಮಾತು ಕೇಳುತ್ತಾರಾ?" ಎಂದರು. ಆಗ ನಾನು ಇನ್ನೂ ಓದಬೇಕಾಯಿತು, ಯಾಕೆಂದರೆ ಉತ್ತರ ಇಲ್ಲ ಎಂಬುದಾಗಿತ್ತು.

ನಿಯಮ ಒಬ್ಬರ ಕೈಯಲ್ಲಿ, ಆಟಗಾರರು ಇನ್ನೊಬ್ಬರ ಕೈಯಲ್ಲಿ

ಫುಟ್‌ಬಾಲಿನಲ್ಲಿ ಫಿಫಾ ನಿಗದಿ ಮಾಡಿದ ದಿನಗಳಲ್ಲಿ ಕ್ಲಬ್‌ಗಳು ಆಟಗಾರರನ್ನು ತಮ್ಮ ದೇಶದ ತಂಡಕ್ಕೆ ಬಿಟ್ಟುಕೊಡಲೇಬೇಕು. ಕ್ರಿಕೆಟಿನಲ್ಲಿ ಆಟಗಾರರ ಮೇಲೆ ದೇಶದ ಮಂಡಳಿಯ ಹಿಡಿತ ಇದೆ. ಬೇಸ್‌ಬಾಲಿನಲ್ಲಿ ಎರಡೂ ಇಲ್ಲ. ಅಲ್ಲಿ ಆಟಗಾರರು ವೃತ್ತಿಪರ ಲೀಗ್‌ಗಳ ಜೊತೆ ಒಪ್ಪಂದ ಮಾಡಿಕೊಂಡವರು.

ಎಲ್ಲಕ್ಕಿಂತ ದೊಡ್ಡದು ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್, ಅಂದರೆ ಎಂಎಲ್‌ಬಿ. 30 ತಂಡಗಳು, ಅದರಲ್ಲಿ ಟೊರೊಂಟೊ ಒಂದು ಕೆನಡಾದ್ದು, ಉಳಿದ 29 ಅಮೆರಿಕದವು. ಒಂದೊಂದು ತಂಡ ಒಂದು ಋತುವಿನಲ್ಲಿ 162 ಪಂದ್ಯ ಆಡುತ್ತದೆ. ಕೊನೆಗೆ ನಡೆಯುವ ಫೈನಲ್ ಸರಣಿಯ ಹೆಸರು ವರ್ಲ್ಡ್ ಸೀರೀಸ್, 1903ರಿಂದ ಇದೆ. ಹೆಸರಿನಲ್ಲಿ ವಿಶ್ವ ಇದ್ದರೂ ಅದು ದೇಶಗಳ ಪಂದ್ಯ ಅಲ್ಲ. ನಾನೂ ಮೊದಲು ಅದೇ ವಿಶ್ವಕಪ್ ಅಂದುಕೊಂಡಿದ್ದೆ. ಜಪಾನಿನಲ್ಲಿ 12 ತಂಡಗಳ ಲೀಗ್, ದಕ್ಷಿಣ ಕೊರಿಯಾದಲ್ಲಿ 10 ತಂಡಗಳ ಲೀಗ್, ತೈವಾನಿನಲ್ಲೂ ಒಂದು ಲೀಗ್ ಇದೆ.

ಅಂದರೆ ಆಟದ ಅಂತಾರಾಷ್ಟ್ರೀಯ ಮುದ್ರೆ ಡಬ್ಲ್ಯುಬಿಎಸ್‌ಸಿ ಕೈಯಲ್ಲಿ, ಆಟಗಾರರ ಒಪ್ಪಂದ ಲೀಗ್‌ಗಳ ಕೈಯಲ್ಲಿ. ಇದೊಂದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲಾ ಸುಲಭವಾಗಿ ಅರ್ಥವಾಗುತ್ತದೆ.

ಹಳೆಯ ವಿಶ್ವಕಪ್ ಏನಾಯಿತು?

ಮೊದಲ ವಿಶ್ವ ಪಂದ್ಯಾವಳಿ 1938ರಲ್ಲಿ ಇಂಗ್ಲೆಂಡಿನಲ್ಲಿ ನಡೆಯಿತು. ಆಡಿದ್ದು ಎರಡೇ ತಂಡ, ಬ್ರಿಟನ್ ಮತ್ತು ಅಮೆರಿಕ. ಐದು ಪಂದ್ಯಗಳಲ್ಲಿ ನಾಲ್ಕನ್ನು ಬ್ರಿಟನ್ ಗೆದ್ದಿತು! ಅದೇ ವರ್ಷ ಅಂತಾರಾಷ್ಟ್ರೀಯ ಬೇಸ್‌ಬಾಲ್ ಸಂಸ್ಥೆಯೂ ಹುಟ್ಟಿತು. ಮುಂದೆ ಇದೇ ಪಂದ್ಯಾವಳಿ ಬೇಸ್‌ಬಾಲ್ ವಿಶ್ವಕಪ್ ಆಯಿತು.

ಇದರಲ್ಲಿ ಕ್ಯೂಬಾ 25 ಬಾರಿ ಚಾಂಪಿಯನ್. ಕಾರಣ ಗಮನಿಸಿ. ಕ್ಯೂಬಾದಲ್ಲಿ 1961ರ ಹೊತ್ತಿಗೆ ವೃತ್ತಿಪರ ಕ್ರೀಡೆಯನ್ನೇ ರದ್ದು ಮಾಡಿದ್ದರು. ಆದ್ದರಿಂದ ಅವರ ಅತ್ಯುತ್ತಮ ಆಟಗಾರರು ಹವ್ಯಾಸಿಗಳ ಲೆಕ್ಕದಲ್ಲಿ ಬರುತ್ತಿದ್ದರು. ಬೇರೆ ದೇಶಗಳ ಅತ್ಯುತ್ತಮರು ಲೀಗ್‌ಗಳಲ್ಲಿ ಇದ್ದುದರಿಂದ ಬರುತ್ತಿರಲಿಲ್ಲ. ಕ್ಯೂಬಾ ಚೆನ್ನಾಗಿ ಆಡಿದ್ದು ನಿಜ, ಆದರೆ ಎದುರಿಗೆ ಎಲ್ಲರೂ ಇರಲಿಲ್ಲ ಎಂಬುದೂ ನಿಜ.

ಕೊನೆಯ ವಿಶ್ವಕಪ್ 2011ರಲ್ಲಿ ಪನಾಮಾದಲ್ಲಿ ನಡೆಯಿತು. ನೆದರ್ಲೆಂಡ್ಸ್ ಕ್ಯೂಬಾವನ್ನು ಸೋಲಿಸಿ ಗೆದ್ದಿತು. ಅಲ್ಲಿಗೆ ಆ ಪಂದ್ಯಾವಳಿ ನಿಂತುಹೋಯಿತು. ಅದರ ಜಾಗಕ್ಕೆ ಇನ್ನೊಂದು ಬಂದಿತ್ತು.

ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್

ಇದು 2006ರಲ್ಲಿ ಶುರುವಾಯಿತು. ಇದನ್ನು ನಡೆಸುವುದು ಡಬ್ಲ್ಯುಬಿಎಸ್‌ಸಿ ಅಲ್ಲ! ಎಂಎಲ್‌ಬಿ ಮತ್ತು ಎಂಎಲ್‌ಬಿ ಆಟಗಾರರ ಸಂಘ ಸೇರಿ ಮಾಡಿಕೊಂಡ ಒಂದು ಕಂಪನಿ ನಡೆಸುತ್ತದೆ. ಡಬ್ಲ್ಯುಬಿಎಸ್‌ಸಿ ಅದಕ್ಕೆ ಮಾನ್ಯತೆ ಕೊಟ್ಟು, ಗೆದ್ದವರನ್ನು ವಿಶ್ವ ಚಾಂಪಿಯನ್ ಎಂದು ಒಪ್ಪುತ್ತದೆ. ಮಾಲೀಕರು ಮತ್ತು ಕಾರ್ಮಿಕ ಸಂಘ ಒಂದೇ ವ್ಯವಹಾರದಲ್ಲಿ ಪಾಲುದಾರರು ಎಂದು ಹೇಳಿದಾಗ ಅಬ್ಬಾ ನಕ್ಕರು. ಅವರ ಗ್ಯಾರೇಜಿನಲ್ಲಿ ಚಾಚಾ ಪಾಲುದಾರರು. ಅಲ್ಲೇ ದಿನಕ್ಕೊಂದು ಜಗಳ.

ಪಂದ್ಯಾವಳಿ ಮಾರ್ಚ್‌ನಲ್ಲಿ ನಡೆಯುತ್ತದೆ. ಯಾಕೆಂದರೆ ಎಂಎಲ್‌ಬಿ ಋತು ಶುರುವಾಗುವುದು ಮಾರ್ಚ್ ಕೊನೆಗೆ. ಮೊದಲು 16 ತಂಡಗಳಿದ್ದವು, 2023ರಲ್ಲಿ 20 ಆದವು. 2023ರವರೆಗಿನ ಐದು ಪಂದ್ಯಾವಳಿಗಳ ವಿಜೇತರು ಹೀಗೆ:

2006 – ಜಪಾನ್
2009 – ಜಪಾನ್
2013 – ಡೊಮಿನಿಕನ್ ರಿಪಬ್ಲಿಕ್ (ಒಂದೂ ಪಂದ್ಯ ಸೋಲದೆ)
2017 – ಅಮೆರಿಕ
2023 – ಜಪಾನ್

2023ರ ಫೈನಲ್ ಮಯಾಮಿಯಲ್ಲಿ. ಜಪಾನ್ 3, ಅಮೆರಿಕ 2. ಕೊನೆಯ ಎಸೆತ ಎಸೆದವರು ಜಪಾನಿನ ಶೋಹೇಯ್ ಒಹ್ತಾನಿ, ಔಟಾದವರು ಅಮೆರಿಕದ ಮೈಕ್ ಟ್ರೌಟ್. ಆಗ ಇಬ್ಬರೂ ಒಂದೇ ಎಂಎಲ್‌ಬಿ ತಂಡದವರು.

ನನಗೆ ಹೆಚ್ಚು ಇಷ್ಟವಾದದ್ದು ಅದೇ ಪಂದ್ಯಾವಳಿಯ ಜೆಕ್ ಗಣರಾಜ್ಯದ ತಂಡ. ಅರ್ಹತಾ ಸುತ್ತು ದಾಟಿ ಬಂದ ಅವರಲ್ಲಿ ಬಹಳ ಮಂದಿ ಬೇರೆ ಕೆಲಸ ಮಾಡುತ್ತಾ ಆಡುವವರು. ಅವರ ಎಸೆತಗಾರ ಒಂಡ್ರೆಯ್ ಸಟೋರಿಯ ಎಲೆಕ್ಟ್ರಿಷಿಯನ್. ಟೋಕಿಯೊದಲ್ಲಿ ಅವರು ಒಹ್ತಾನಿಯನ್ನೇ ಔಟ್ ಮಾಡಿದರು. ಇದನ್ನು ಕೇಳಿ ಅಣ್ಣ ಆ ವಿಡಿಯೋ ಮೂರು ಸಲ ನೋಡಿದ.

ಯಾವ ದೇಶದ ಪರ ಆಡಬಹುದು ಎಂಬ ನಿಯಮವೂ ಇಲ್ಲಿ ಸಡಿಲ. ತಂದೆ ಅಥವಾ ತಾಯಿಯ ದೇಶದ ಪರವೂ ಆಡಬಹುದು. ಅಮೆರಿಕದಲ್ಲಿ ಹುಟ್ಟಿ ಬೆಳೆದ ಲಾರ್ಸ್ ನೂಟ್‌ಬಾರ್ 2023ರಲ್ಲಿ ಜಪಾನ್ ಪರ ಆಡಿದರು, ಅವರ ತಾಯಿ ಜಪಾನಿನವರು.

ಎಸೆತಗಾರರಿಗೆ ಎಸೆತಗಳ ಮಿತಿಯೂ ಇದೆ. 2023ರಲ್ಲಿ ಮೊದಲ ಸುತ್ತಿನ ಒಂದು ಪಂದ್ಯದಲ್ಲಿ ಗರಿಷ್ಠ 65, ಕ್ವಾರ್ಟರ್ ಫೈನಲ್‌ನಲ್ಲಿ 80, ಸೆಮಿಫೈನಲ್ ಮತ್ತು ಫೈನಲ್‌ನಲ್ಲಿ 95. ಋತುವಿಗೆ ಮುಂಚೆ ಕೈ ಹಾಳಾಗಬಾರದು ಎಂದು ಲೀಗ್ ತಂಡಗಳಿಗೆ ಕೊಟ್ಟ ಭರವಸೆ ಇದು.

ಒಂದು ಲೆಕ್ಕ

ವಾಣಿಜ್ಯ ವಿದ್ಯಾರ್ಥಿಗಳಿಗೆ ಇದು ಇಷ್ಟವಾಗುತ್ತದೆ. 2023ರಲ್ಲಿ ತೈವಾನಿನ ತೈಚುಂಗ್‌ನಲ್ಲಿ ನಡೆದ ಗುಂಪಿನಲ್ಲಿ ಐದು ತಂಡಗಳಿದ್ದವು: ಕ್ಯೂಬಾ, ಇಟಲಿ, ನೆದರ್ಲೆಂಡ್ಸ್, ಪನಾಮಾ, ಚೈನೀಸ್ ತೈಪೆ. (ತೈವಾನ್ ಅಂತಾರಾಷ್ಟ್ರೀಯ ಕ್ರೀಡೆಯಲ್ಲಿ ಚೈನೀಸ್ ತೈಪೆ ಎಂಬ ಹೆಸರಿನಲ್ಲಿ ಆಡುತ್ತದೆ.) ಕೊನೆಗೆ ಐದೂ ತಂಡಗಳಿಗೆ ತಲಾ ಎರಡು ಗೆಲುವು, ಎರಡು ಸೋಲು! ಮುಂದೆ ಹೋಗಬೇಕಾದ್ದು ಎರಡೇ ತಂಡ.

ಆಗ ಬಳಸಿದ ಸೂತ್ರ: ಬಿಟ್ಟುಕೊಟ್ಟ ರನ್ ಭಾಗಿಸು ಎದುರಾಳಿಯನ್ನು ಔಟ್ ಮಾಡಿದ ಸಂಖ್ಯೆ. ಯಾರದು ಕಡಿಮೆಯೋ ಅವರು ಮೇಲೆ. ಒಂದು ಇನ್ನಿಂಗ್ಸಿಗೆ ಮೂರು ಔಟ್, ಒಂಬತ್ತು ಇನ್ನಿಂಗ್ಸಿಗೆ 27, ನಾಲ್ಕು ಪಂದ್ಯಕ್ಕೆ 108. ಉದಾಹರಣೆಗೆ ಒಂದು ತಂಡ 18 ರನ್ ಬಿಟ್ಟುಕೊಟ್ಟಿದ್ದರೆ 18 ಭಾಗಿಸು 108, ಅಂದರೆ 0.167. ಇನ್ನೊಂದು 27 ಬಿಟ್ಟುಕೊಟ್ಟಿದ್ದರೆ 0.25. ಮೊದಲನೆಯದು ಮುಂದೆ. ಕ್ರಿಕೆಟಿನ ನೆಟ್ ರನ್ ರೇಟ್‌ನಲ್ಲಿ ಹೊಡೆದದ್ದೂ ಲೆಕ್ಕಕ್ಕೆ ಬರುತ್ತದೆ, ಇಲ್ಲಿ ತಡೆದದ್ದು ಮಾತ್ರ. ಕ್ಯೂಬಾ ಮತ್ತು ಇಟಲಿ ಮುಂದೆ ಹೋದವು. ತೈಪೆ ಕೊನೆಯ ಸ್ಥಾನಕ್ಕೆ ಬಿದ್ದಿತು.

ಪ್ರೀಮಿಯರ್ 12

ಡಬ್ಲ್ಯುಬಿಎಸ್‌ಸಿ ತಾನೇ ನಡೆಸುವ ದೊಡ್ಡ ಪಂದ್ಯಾವಳಿ ಇದು. 2024ರವರೆಗೆ ವಿಶ್ವ ರ‍್ಯಾಂಕಿಂಗ್‌ನ ಮೊದಲ 12 ದೇಶಗಳಿಗೆ ಆಹ್ವಾನ ಇರುತ್ತಿತ್ತು. ಲೀಗ್‌ಗಳು ಮುಗಿದ ಮೇಲೆ ನವೆಂಬರ್‌ನಲ್ಲಿ ನಡೆಯುತ್ತದೆ. ಎಂಎಲ್‌ಬಿ ತಂಡಗಳ ಪ್ರಮುಖ ಆಟಗಾರರು ಇಲ್ಲಿಗೆ ಬರುವುದಿಲ್ಲ. 2015ರಲ್ಲಿ ದಕ್ಷಿಣ ಕೊರಿಯಾ, 2019ರಲ್ಲಿ ಜಪಾನ್, 2024ರಲ್ಲಿ ಚೈನೀಸ್ ತೈಪೆ ಗೆದ್ದವು. 2024ರ ಫೈನಲ್‌ನಲ್ಲಿ ಟೋಕಿಯೊ ಡೋಮ್‌ನಲ್ಲೇ ತೈಪೆ ಜಪಾನನ್ನು 4–0ಯಿಂದ ಸೋಲಿಸಿತು.

ಈಗ ಮೇಲಿನ ಲೆಕ್ಕವನ್ನು ನೆನಪಿಸಿಕೊಳ್ಳಿ. 2023ರ ಕ್ಲಾಸಿಕ್‌ನಲ್ಲಿ ಗುಂಪಿನ ಕೊನೆಯಲ್ಲಿದ್ದ ತಂಡ ಮುಂದಿನ ಸಲ ಅರ್ಹತಾ ಸುತ್ತು ಆಡಬೇಕು. ಹೀಗಾಗಿ 2024ರ ನವೆಂಬರ್‌ನಲ್ಲಿ ಪ್ರೀಮಿಯರ್ 12 ಚಾಂಪಿಯನ್ ಆದ ತೈಪೆ, ಮೂರು ತಿಂಗಳ ನಂತರ 2025ರ ಫೆಬ್ರುವರಿಯಲ್ಲಿ ಕ್ಲಾಸಿಕ್‌ಗೆ ಅರ್ಹತಾ ಪಂದ್ಯ ಆಡಬೇಕಾಯಿತು. ಆಡಿ ಅರ್ಹತೆ ಪಡೆಯಿತು. ಎರಡು ಪಂದ್ಯಾವಳಿ, ಎರಡು ಬೇರೆ ಮಾಲೀಕರು. ಒಬ್ಬರ ಕಿರೀಟ ಇನ್ನೊಬ್ಬರ ಬಾಗಿಲಲ್ಲಿ ಚೀಟಿ ಆಗುವುದಿಲ್ಲ.

ರ‍್ಯಾಂಕಿಂಗ್ ಬಗ್ಗೆ ಒಂದು ಮಾತು. ನಾಲ್ಕು ವರ್ಷಗಳ ಫಲಿತಾಂಶ ಲೆಕ್ಕಕ್ಕೆ ಬರುತ್ತದೆ. ಹಿರಿಯರದು ಮಾತ್ರವಲ್ಲ, 23, 18, 15, 12 ವರ್ಷದೊಳಗಿನ ತಂಡಗಳು ವಿಶ್ವಕಪ್‌ಗಳಲ್ಲಿ ಗಳಿಸಿದ ಅಂಕವೂ ಸೇರುತ್ತದೆ. ನಮ್ಮ ವಯಸ್ಸಿನವರ ಆಟಕ್ಕೂ ದೇಶದ ಸ್ಥಾನದಲ್ಲಿ ಬೆಲೆ ಇದೆ.

ಒಲಿಂಪಿಕ್ಸ್ ಬಾಗಿಲು

1992ರ ಬಾರ್ಸಿಲೋನಾದಲ್ಲಿ ಬೇಸ್‌ಬಾಲ್ ಪದಕದ ಆಟವಾಯಿತು. 1992, 1996, 2004ರಲ್ಲಿ ಕ್ಯೂಬಾ, 2000ದಲ್ಲಿ ಅಮೆರಿಕ, 2008ರಲ್ಲಿ ದಕ್ಷಿಣ ಕೊರಿಯಾ ಚಿನ್ನ ಗೆದ್ದವು. 2005ರಲ್ಲಿ ಸಿಂಗಾಪುರದಲ್ಲಿ ಸೇರಿದ ಒಲಿಂಪಿಕ್ ಸಮಿತಿ ಬೇಸ್‌ಬಾಲ್ ಮತ್ತು ಸಾಫ್ಟ್‌ಬಾಲ್‌ಗಳನ್ನು 2012ರಿಂದ ಕೈಬಿಟ್ಟಿತು. ಬೇಸ್‌ಬಾಲ್ ವಿಷಯದಲ್ಲಿ ಮುಖ್ಯ ದೂರು, ಒಲಿಂಪಿಕ್ಸ್ ನಡೆಯುವುದು ಎಂಎಲ್‌ಬಿ ಋತುವಿನ ಮಧ್ಯೆ, ಎಂಎಲ್‌ಬಿ ತನ್ನ ಋತು ನಿಲ್ಲಿಸುವುದಿಲ್ಲ, ದೊಡ್ಡ ಆಟಗಾರರು ಬರುವುದಿಲ್ಲ ಎಂಬುದು.

ಟೋಕಿಯೊ ಒಲಿಂಪಿಕ್ಸ್‌ಗೆ (2021ರಲ್ಲಿ ನಡೆದದ್ದು) ಎರಡೂ ಆಟ ಮರಳಿದವು. ಜಪಾನ್ ತನ್ನ ಲೀಗನ್ನೇ ನಿಲ್ಲಿಸಿ ಅತ್ಯುತ್ತಮ ತಂಡ ಇಳಿಸಿ, ಅಮೆರಿಕವನ್ನು 2–0ಯಿಂದ ಸೋಲಿಸಿ ಚಿನ್ನ ಗೆದ್ದಿತು. 2024ರ ಪ್ಯಾರಿಸ್‌ನಲ್ಲಿ ಮತ್ತೆ ಇರಲಿಲ್ಲ. 2028ರ ಲಾಸ್ ಏಂಜಲೀಸ್‌ನಲ್ಲಿ ಮತ್ತೆ ಇದೆ. ಈ ನಿರ್ಧಾರ ಆದದ್ದು ನಮ್ಮ ದೇಶದಲ್ಲೇ, 2023ರ ಅಕ್ಟೋಬರ್‌ನಲ್ಲಿ ಮುಂಬೈ ಅಧಿವೇಶನದಲ್ಲಿ. ಕ್ರಿಕೆಟ್, ಬೇಸ್‌ಬಾಲ್-ಸಾಫ್ಟ್‌ಬಾಲ್, ಸ್ಕ್ವಾಷ್, ಲಾಕ್ರೋಸ್, ಫ್ಲ್ಯಾಗ್ ಫುಟ್‌ಬಾಲ್ ಒಂದೇ ದಿನ ಒಪ್ಪಿಗೆ ಪಡೆದವು. ಪತ್ರಿಕೆಗಳಲ್ಲಿ ನಾವು ಕ್ರಿಕೆಟ್ ಸುದ್ದಿ ಮಾತ್ರ ಓದಿದೆವು.

ಹುಡುಗಿಯರು ಗಮನಿಸಬೇಕಾದ್ದು ಇಲ್ಲಿ ಇದೆ. ಒಲಿಂಪಿಕ್ಸಿನಲ್ಲಿ ಬೇಸ್‌ಬಾಲ್ ಪುರುಷರಿಗೆ, ಸಾಫ್ಟ್‌ಬಾಲ್ ಮಹಿಳೆಯರಿಗೆ. ಬೇಸ್‌ಬಾಲ್ ಆಡುವ ಹುಡುಗಿಗೆ ಒಲಿಂಪಿಕ್ಸ್ ದಾರಿ ಇಲ್ಲ. ಆದರೆ 2004ರಿಂದ ಮಹಿಳಾ ಬೇಸ್‌ಬಾಲ್ ವಿಶ್ವಕಪ್ ಇದೆ. 2008ರಿಂದ 2024ರವರೆಗೆ ಜಪಾನ್ ಸತತ ಏಳು ಬಾರಿ ಗೆದ್ದಿದೆ. ಬೇಸ್‌ಬಾಲ್5 ಎಂಬ ಹೊಸ ಬೀದಿ ಆಟವನ್ನೂ ಡಬ್ಲ್ಯುಬಿಎಸ್‌ಸಿ ಶುರು ಮಾಡಿದೆ. ಬ್ಯಾಟ್ ಇಲ್ಲ, ಗ್ಲೌಸ್ ಇಲ್ಲ, ರಬ್ಬರ್ ಚೆಂಡನ್ನು ಕೈಯಿಂದಲೇ ಹೊಡೆಯಬೇಕು, ತಂಡಕ್ಕೆ ಐವರು. ವಿಶ್ವಕಪ್‌ನಲ್ಲಿ ಹುಡುಗ ಹುಡುಗಿಯರು ಒಂದೇ ತಂಡದಲ್ಲಿ. ಸೆನೆಗಲ್ ದೇಶದ ಡಕಾರ್‌ನ 2026ರ ಯುವ ಒಲಿಂಪಿಕ್ಸ್‌ಗೆ ಇದನ್ನು ಸೇರಿಸಿದ್ದಾರೆ. ಉಪಕರಣಕ್ಕೆ ದುಡ್ಡಿಲ್ಲದ ಕಾಲೇಜಿಗೂ ಇದು ಆಗುತ್ತದೆ.

ದುಡ್ಡು ಯಾರಿಗೆ, ಪೆಟ್ಟಾದರೆ ಯಾರು?

ಅಬ್ಬಾನ ಎರಡನೆಯ ಪ್ರಶ್ನೆಗೆ ಒಂದು ಉದಾಹರಣೆ. ಮೊದಲ ಎರಡು ಕ್ಲಾಸಿಕ್ ಗೆದ್ದಿದ್ದು ಜಪಾನ್. ಆದರೂ 2012ರಲ್ಲಿ ಜಪಾನಿನ ಆಟಗಾರರ ಸಂಘ, ನಾವು 2013ಕ್ಕೆ ಬರುವುದಿಲ್ಲ ಎಂದಿತು. ತಮ್ಮ ತಂಡದ ಹೆಸರಿನಲ್ಲಿ ಬರುವ ಪ್ರಾಯೋಜಕರ ಹಣದಲ್ಲಿ ತಮಗೆ ನ್ಯಾಯವಾದ ಪಾಲು ಇಲ್ಲ ಎಂಬುದು ದೂರು. ಮಾತುಕತೆಯಾದ ಮೇಲೆ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಒಪ್ಪಿಕೊಂಡರು. ಗೆದ್ದ ಮೇಲೂ ಲೆಕ್ಕ ಕೇಳಬೇಕು ಎಂಬುದು ಇದರ ಪಾಠ.

ಮೂರನೆಯ ಪ್ರಶ್ನೆಗೆ ಉತ್ತರ ನಮ್ಮ ಪಠ್ಯಪುಸ್ತಕದಲ್ಲೇ ಇದೆ: ವಿಮೆ. 2023ರಲ್ಲಿ ಪೋರ್ಟೊ ರಿಕೊ ಗೆದ್ದ ಸಂಭ್ರಮದಲ್ಲಿ ಮೈದಾನದಲ್ಲಿ ಕುಣಿಯುವಾಗ ಎಸೆತಗಾರ ಎಡ್ವಿನ್ ಡಿಯಾಸ್ ಅವರ ಮಂಡಿಯ ಸ್ನಾಯುರಜ್ಜು ಹರಿಯಿತು. ಅವರು ನ್ಯೂಯಾರ್ಕ್ ಮೆಟ್ಸ್ ತಂಡದೊಂದಿಗೆ ಐದು ವರ್ಷಕ್ಕೆ 10.2 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡವರು. ಆ ಇಡೀ ಋತು ಆಡಲಿಲ್ಲ. ಕ್ಲಾಸಿಕ್‌ನಲ್ಲಿ ಆಡುವ ಇಂಥ ಆಟಗಾರರ ಸಂಬಳಕ್ಕೆ ಮೊದಲೇ ವಿಮೆ ಮಾಡಿರುತ್ತಾರೆ, ಆದ್ದರಿಂದ ಆ ಹೊರೆ ವಿಮೆಯ ಮೇಲೆ ಬಿತ್ತು. ಅದೇ ವರ್ಷ ಹಿರಿಯ ಎಸೆತಗಾರ ಕ್ಲೇಟನ್ ಕೆರ್ಶಾ ಅವರಿಗೆ ವಿಮೆ ಸಮಸ್ಯೆಯಾಗಿ ಆಡಲು ಇಷ್ಟವಿದ್ದರೂ ಆಡಲಾಗಲಿಲ್ಲ.

ಪಾಠದಲ್ಲಿ ಓದಿದ ವಿಮಾ ಹಿತಾಸಕ್ತಿ ತತ್ವ ನನಗೆ ಇಲ್ಲಿ ಅರ್ಥವಾಯಿತು. ಆಟಗಾರನಿಗೆ ಪೆಟ್ಟಾದರೆ ನಷ್ಟ ಆಗುವುದು ಸಂಬಳ ಕೊಡುವ ತಂಡಕ್ಕೆ, ಹಾಗಾಗಿ ತಂಡಕ್ಕೆ ಅದರಲ್ಲಿ ಹಿತಾಸಕ್ತಿ ಇದೆ. ನಷ್ಟಭರ್ತಿ ತತ್ವವೂ ಅಷ್ಟೆ: ಆದ ನಷ್ಟ ತುಂಬಿಕೊಡುವುದು, ಲಾಭ ಮಾಡಿಕೊಡುವುದಲ್ಲ. ಆದರೆ ನನ್ನ ಅಣ್ಣನ ಮೊಣಕಾಲಿಗೆ ಹಿತಾಸಕ್ತಿ ಇದ್ದದ್ದು ನಮ್ಮ ಮನೆಯವರಿಗೆ ಮಾತ್ರ. ಆದ್ದರಿಂದ ನಾವೇ ಮೊದಲು ಕೇಳಬೇಕಿತ್ತು.

ಕೊನೆಯ ಮಾತು

ಮನೆಯಲ್ಲಿ ನಾವು ಆಡುವುದು ಉರ್ದು, ಕಾಲೇಜಿನಲ್ಲಿ ಬರೆಯುವುದು ಕನ್ನಡ. ಜವಾಬ್ದಾರಿ ಎಂಬ ಪದ ಎರಡರಲ್ಲೂ ಇದೆ. ಜವಾಬು ಅಂದರೆ ಉತ್ತರ, ಉತ್ತರ ಕೊಡಬೇಕಾದವನದು ಜವಾಬ್ದಾರಿ. ಬೇಸ್‌ಬಾಲಿನಲ್ಲಿ ಒಬ್ಬರೇ ಮಾಲೀಕರಿಲ್ಲ. ಒಕ್ಕೂಟ, ಲೀಗ್, ಆಟಗಾರರ ಸಂಘ, ಒಲಿಂಪಿಕ್ ಸಮಿತಿ ಎಲ್ಲರೂ ಇದ್ದಾರೆ. ಆದರೂ ಆಟ ನಡೆಯುತ್ತಿದೆ, ಯಾಕೆಂದರೆ ಯಾರು ಯಾವುದಕ್ಕೆ ಉತ್ತರ ಕೊಡಬೇಕು ಎಂದು ಮೊದಲೇ ಬರೆದುಕೊಂಡಿದ್ದಾರೆ. ಬರೆಯದ ಕಡೆ ಜಗಳವಾಗಿದೆ.

ನಾನು ಮೂರು ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು ನಮ್ಮ ಸರ್‌ಗೆ ಕೊಟ್ಟೆ: ಜೊತೆಗೆ ಯಾರು ಬರುತ್ತಾರೆ? ಖರ್ಚು ಯಾರದು? ಪೆಟ್ಟಾದರೆ ಆಸ್ಪತ್ರೆ ಬಿಲ್ ಯಾರು ಕಟ್ಟುತ್ತಾರೆ? ಕೊಡುವಾಗ ಹೆದರಿಕೆ ಇತ್ತು, ಅಧಿಕಪ್ರಸಂಗ ಅಂದುಕೊಳ್ಳುತ್ತಾರೇನೋ ಎಂದು. ಸರ್ ಓದಿ, "ಇದನ್ನು ಇಷ್ಟು ದಿನ ಯಾರೂ ಕೇಳಿರಲಿಲ್ಲ" ಎಂದು ಹೇಳಿ ಪ್ರಾಂಶುಪಾಲರ ಹತ್ತಿರ ಹೋದರು. ನಾಲ್ಕು ದಿನದ ನಂತರ ಮೂರಕ್ಕೂ ಉತ್ತರ ಬರೆದು, ಕಾಲೇಜಿನ ಮೊಹರು ಹಾಕಿದ ಪತ್ರ ಬಂತು. ಒಬ್ಬ ಮೇಡಂ ಜೊತೆಗೆ ಬರುತ್ತಾರೆ, ಪ್ರಯಾಣ ಮತ್ತು ಚಿಕಿತ್ಸೆಯ ಖರ್ಚು ಕ್ರೀಡಾ ನಿಧಿಯಿಂದ ಎಂದು. ಈಗ ಎಲ್ಲಾ ಆಟಗಳ ಫಾರಂ ಜೊತೆಗೂ ಆ ಪತ್ರ ಕೊಡುತ್ತಾರೆ.

ಅಬ್ಬಾ ಅದನ್ನು ಎರಡು ಸಲ ಓದಿದರು. ಅಣ್ಣನಿಗೂ ಓದಲು ಕೊಟ್ಟರು. ಆಮೇಲೆ ಫಾರಂ ಮೇಲೆ ಉರ್ದುವಿನಲ್ಲಿ ಸಹಿ ಹಾಕಿದರು.

ಆಯ್ಕೆಯಲ್ಲಿ ನಾನು ಮೀಸಲು ಆಟಗಾರ್ತಿ ಆದೆ. ಅಸರ್ ನಮಾಜಿನ ನಂತರ ಮೈದಾನದಲ್ಲಿ ಅಭ್ಯಾಸ ಇರುತ್ತದೆ. ಇನ್ನೂ ನಾಲ್ಕು ಜನ ಬೇಕು, ಎಸೆಯಲು ಬರುವವರು ಬನ್ನಿ. ಬರುವ ಮೊದಲು ಮನೆಯಲ್ಲಿ ಆ ಪತ್ರ ಓದಿಸಿ.